ಹಿತ್ತಲಿನ ನಾಲ್ಕು ಅಡಿ

ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಹಾಸನ ಕಡೆಯ ಹಿರಿಯರೊಬ್ಬರು ಮಗನ ಮನೆಗೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋಗಿದ್ದರು. ಆರು ತಿಂಗಳ ವಾಸ. ಹಿತ್ತಲಲ್ಲಿ ಧಾರಾಳ ಜಾಗ, ಬೇಲಿಯ ಮೂಲೆಯಲ್ಲಿ ಒಂದು ನಿಂಬೆ ಗಿಡ. ಒಂದು ಸಂಜೆ ಬೇಲಿಯಾಚೆಯ ನೆರೆಯವನಿಗೆ ತಮ್ಮ ಇಂಗ್ಲಿಷಿನಲ್ಲಿ, ಇಲ್ಲಿ ನಮಗೊಂದು ಔಟ್‌ಹೌಸ್ ಕಟ್ಟಿಸಬೇಕೆಂದಿದ್ದೇವೆ ಎಂದು ಸಂತೋಷದಿಂದ ಹೇಳಿದರು. ಆತ ಮುಖ ಕಿವುಚಿದ. ನಮ್ಮಲ್ಲಿ ಔಟ್‌ಹೌಸ್ ಎಂದರೆ ಮಾಲೀಕರ ಮನೆಯ ಹಿಂದೆ, ಸಂಪಿಗೆ ಮರದ ನೆರಳಿನಲ್ಲಿ, ಬ್ಯಾಂಕ್ ನೌಕರನಿಗೋ ಕಾಲೇಜು ಹುಡುಗರಿಗೋ ಬಾಡಿಗೆಗೆ ಕೊಡುವ ಒಂದೂವರೆ ಕೋಣೆಯ ಮನೆ. ಅಮೆರಿಕದವರ ಕಿವಿಗೆ ಆ ಪದ ಅಂಗಳದ ಮೂಲೆಯ ಗುಂಡಿ ಕಕ್ಕಸು. ಮಗ ಓಡಿಬಂದು ಬಿಡಿಸಿ ಹೇಳಿದ ಮೇಲೆ ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ನೆರೆಯವನು ಕೇಳಿದ ಪ್ರಶ್ನೆ ಒಂದೇ: ಬೇಲಿಯಿಂದ ಎಷ್ಟು ಅಡಿ ಬಿಡುತ್ತೀರಿ?

ಆತ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದ. ಕ್ಯಾಲಿಫೋರ್ನಿಯಾದಲ್ಲಿ ಹಿತ್ತಲಲ್ಲಿ ಎರಡನೆಯ ಮನೆ ಕಟ್ಟಬಹುದೇ ಎಂಬ ಪ್ರಶ್ನೆಗೆ ಕಾನೂನು 1982ರಲ್ಲೇ ‘ಹೌದು’ ಎಂದಿತ್ತು. ಆದರೂ ಮುಂದಿನ ಮೂವತ್ತನಾಲ್ಕು ವರ್ಷ ಬಹುಪಾಲು ಊರುಗಳಲ್ಲಿ ಕಟ್ಟಲಾದವರು ತೀರಾ ಕಡಿಮೆ. ಅನುಮತಿ ಕಾನೂನಿನ ಮೊದಲ ಸಾಲಿನಲ್ಲಿತ್ತು, ನಿರಾಕರಣೆ ಅಳತೆಯ ಟೇಪಿನಲ್ಲಿತ್ತು.

ಕಾನೂನಿನ ಭಾಷೆಯಲ್ಲಿ ಅದು ‘ಆ್ಯಕ್ಸೆಸರಿ ಡ್ವೆಲಿಂಗ್ ಯುನಿಟ್’, ಅಂದರೆ ಮುಖ್ಯ ಮನೆಗೆ ಪೂರಕವಾದ ಮನೆ, ಎಲ್ಲರ ಬಾಯಲ್ಲಿ ಎಡಿಯು. ಅಜ್ಜಿಮನೆ, ಅತ್ತೆಮನೆ ಎಂಬ ಅರ್ಥ ಬರುವ ಅಡ್ಡಹೆಸರುಗಳೂ ಅದಕ್ಕಿವೆ. ನಾನು ಹಿತ್ತಲಮನೆ ಎನ್ನುತ್ತೇನೆ. ಸ್ವಂತ ಅಡುಗೆಮನೆ, ಸ್ವಂತ ಬಚ್ಚಲು, ಸ್ವಂತ ಬಾಗಿಲು ಇರುವ, ಆದರೆ ದೊಡ್ಡ ಮನೆಯ ನಿವೇಶನದಲ್ಲೇ ಇರುವ ಚಿಕ್ಕ ಮನೆ. ಬೇರೆಯಾಗಿ ನಿಲ್ಲುವಂಥದ್ದಾದರೆ ಗರಿಷ್ಠ 1,200 ಚದರ ಅಡಿ. ಬೆಂಗಳೂರಿನ ಓದುಗರಿಗೆ ಈ ಸಂಖ್ಯೆ ಪರಿಚಿತ: ಒಂದು ಮೂವತ್ತು-ನಲವತ್ತರ ಸೈಟಿನ ಅಷ್ಟೂ ವಿಸ್ತೀರ್ಣ. ನಮ್ಮವರು ಜೀವಮಾನದ ಉಳಿತಾಯ ಸುರಿದು ಕೊಳ್ಳುವಷ್ಟು ನೆಲ ಅಲ್ಲಿ ಹಿತ್ತಲ ‘ಚಿಕ್ಕ’ ಮನೆಯ ಮೇಲ್ಮಿತಿ. ಇರುವ ಮನೆಯೊಳಗೇ, ಅದಕ್ಕೆ ಅಂಟಿಕೊಂಡ ಗ್ಯಾರೇಜೂ ಸೇರಿದಂತೆ, ಒಂದು ಭಾಗವನ್ನು ಬೇರ್ಪಡಿಸಿ ಮಾಡುವ ‘ಜೂನಿಯರ್’ ಎಡಿಯು 500 ಚದರ ಅಡಿ ಮೀರುವಂತಿಲ್ಲ, ಬಚ್ಚಲನ್ನು ದೊಡ್ಡ ಮನೆಯೊಂದಿಗೆ ಹಂಚಿಕೊಳ್ಳಬಹುದು.

ಇವೆರಡರ ಕೆಳಗೆ ಶೆಡ್ ಇದೆ. ಹಾರೆ, ಗುದ್ದಲಿ, ಹುಲ್ಲು ಕತ್ತರಿಸುವ ಯಂತ್ರ ಇಡುವ ಒಂದಂತಸ್ತಿನ ಶೆಡ್ 120 ಚದರ ಅಡಿ ಮೀರದಿದ್ದರೆ ಆ ರಾಜ್ಯದಲ್ಲಿ ಕಟ್ಟಡ ಪರವಾನಗಿ ಬೇಡ. ಇದನ್ನು ಕೇಳಿದ ಕೂಡಲೇ ಹನ್ನೆರಡು ಅಡಿಗೆ ಹತ್ತು ಅಡಿಯ ಶೆಡ್ ತರಿಸಿ, ಒಳಗೆ ಮಂಚ ಹಾಕುವ ಉತ್ಸಾಹಿಗಳಿದ್ದಾರೆ. ವಿನಾಯಿತಿ ಇರುವುದು ಸಾಮಾನಿಗೆ, ಮಲಗುವ ಮನುಷ್ಯರಿಗಲ್ಲ. ದೀಪಕ್ಕೆಂದು ವಿದ್ಯುತ್ ತಂತಿ ಎಳೆದರೆ ಅದಕ್ಕೆ ಬೇರೆ ಪರವಾನಗಿ ಬೇಕು. ಪರವಾನಗಿ ಬೇಡವೆಂದ ಮಾತ್ರಕ್ಕೆ ಬೇಲಿಗೆ ಒರಗಿಸಿ ಇಡಬಹುದೆಂದೂ ಅಲ್ಲ, ಊರಿನ ವಲಯ ನಿಯಮ ಶೆಡ್‌ಗೂ ಅನ್ವಯಿಸುತ್ತದೆ. ಕಟ್ಟಡ ನಿಯಮ ಗೋಡೆ ಬೀಳದಂತೆ, ಬೆಂಕಿ ಹಬ್ಬದಂತೆ ನೋಡಿಕೊಳ್ಳುತ್ತದೆ. ವಲಯ ನಿಯಮ ಯಾವ ನೆಲದಲ್ಲಿ ಏನಿರಬೇಕು, ಎಷ್ಟಿರಬೇಕು, ಎಲ್ಲಿರಬೇಕು ಎಂದು ಹೇಳುತ್ತದೆ. ಇಲ್ಲಿನ ಜಗಳವೆಲ್ಲ ಎರಡನೆಯದರದು.

ಆ ಎರಡನೆಯದಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ, ಅದು ಅಷ್ಟೇನೂ ಚಂದವಾಗಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ನಗರ 1916ರಲ್ಲಿ ಎಲ್ಮ್‌ವುಡ್ ಎಂಬ ಬಡಾವಣೆಯಲ್ಲಿ, ಒಂದು ನಿವೇಶನದಲ್ಲಿ ಒಂದೇ ಕುಟುಂಬದ ಒಂದೇ ಮನೆ ಇರಬೇಕೆಂದು ನಿಯಮ ಮಾಡಿತು. ಆ ನಿಯಮದ ಹಿಂದೆ ಜನಾಂಗಭೇದವಿತ್ತೆಂದು ನಗರಸಭೆ ತಾನೇ ಒಪ್ಪಿಕೊಂಡು, ಅಂಥ ವಲಯಗಳನ್ನು ಕೊನೆಗಾಣಿಸುವ ನಿರ್ಣಯ ಕೈಗೊಂಡದ್ದು 2021ರಲ್ಲಿ. ನಡುವೆ 1926ರಲ್ಲಿ ಓಹಿಯೊ ರಾಜ್ಯದ ಯೂಕ್ಲಿಡ್ ಎಂಬ ಪುಟ್ಟ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲ್ಯಾಂಡ್, ಒಂಟಿ ಮನೆಗಳ ಬೀದಿಗೆ ಬಂದು ಸೇರುವ ಅಪಾರ್ಟ್‌ಮೆಂಟನ್ನು ಪರಾವಲಂಬಿ ಎಂದು ಕರೆದರು. ಮಾವಿನ ಮರದ ಮೇಲಿನ ಬದನಿಕೆಯಂತೆ ಎಂದು ನಾವು ಓದಿಕೊಳ್ಳಬಹುದು. ಹೊರಗಿನ ಅಂದ, ಬೆಳಕು, ಹುಲ್ಲುಹಾಸು ಇವನ್ನೆಲ್ಲ ಹೀರಿ ಬೆಳೆಯುವಂಥದ್ದು ಎಂದು. ಬಾಡಿಗೆದಾರನ ಬಗೆಗಿನ ಈ ಅಸಹನೆ ಮುಂದೆ ತೀರ್ಪಿನ ಮಾತಾಗಿ ಕೇಳಿಸಲಿಲ್ಲ, ಅಡಿಗಳ, ಶೇಕಡಾವಾರುಗಳ, ಕಾರು ನಿಲ್ಲಿಸುವ ಜಾಗಗಳ ಲೆಕ್ಕವಾಗಿ ನಿಯಮ ಪುಸ್ತಕ ಸೇರಿತು.

1982ರ ಕಾನೂನು ಆ ಲೆಕ್ಕವನ್ನು ಮುಟ್ಟಲಿಲ್ಲ. ಎರಡನೆಯ ಮನೆಗೆ ಊರುಗಳು ಅವಕಾಶ ಕೊಡಬೇಕು ಎಂದಿತು, ಹೇಗೆ ಎಂಬುದನ್ನು ಊರುಗಳಿಗೇ ಬಿಟ್ಟಿತು. ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ ಎಂದರೆ ಕಟುವಾದೀತು. ಆದರೆ ನಡೆದದ್ದು ಹೆಚ್ಚುಕಡಿಮೆ ಅದೇ. ಕೆಲವು ಊರುಗಳು ದೊಡ್ಡ ನಿವೇಶನವಿದ್ದರೆ ಮಾತ್ರ ಎಂದವು. ಹೊಸ ಮನೆಗೊಂದು ಹೊಸ ಕಾರಿನ ಜಾಗ ಬೇಕು, ಅದೂ ಸೂರಿನಡಿಯಲ್ಲಿ ಎಂದವು ಕೆಲವು. ಗ್ಯಾರೇಜನ್ನು ಮನೆಯಾಗಿ ಬದಲಿಸುತ್ತೀರಾ, ಸಂತೋಷ, ಹೋದ ಗ್ಯಾರೇಜಿನ ಬದಲಿಗೆ ಇನ್ನೊಂದು ಗ್ಯಾರೇಜು ಕಟ್ಟಿ ಎಂದವು. ಮಾಲೀಕ ಅದೇ ನಿವೇಶನದಲ್ಲಿ ವಾಸವಿರಬೇಕೆಂಬ ಷರತ್ತಿತ್ತು. ಕೇಳಲು ಸಜ್ಜನಿಕೆಯ ಮಾತು. ಆದರೆ ನಾಳೆ ಕೆಲಸ ಬೇರೆ ಊರಿಗೆ ಹೋದರೆ ಎರಡು ಮನೆಯನ್ನೂ ಬಾಡಿಗೆಗೆ ಕೊಡುವಂತಿಲ್ಲ ಎಂದಾದಾಗ, ಅಂಥ ಮನೆಗೆ ಸಾಲ ಕೊಡುವ ಬ್ಯಾಂಕೂ ಹಿಂದೆಮುಂದೆ ನೋಡುತ್ತದೆ. ಕೊನೆಗೆ ಸಾರ್ವಜನಿಕ ವಿಚಾರಣೆ. ನಿಮ್ಮ ನಕ್ಷೆ ಎಲ್ಲ ನಿಯಮಕ್ಕೂ ಸರಿಯಿದ್ದರೂ, ಒಂದು ಸಂಜೆ ಸಭಾಂಗಣದಲ್ಲಿ ನೆರೆಹೊರೆಯವರು ಸಾಲಾಗಿ ನಿಂತು, ಬೀದಿಯ ಸ್ವಭಾವ ಹಾಳಾಗುತ್ತದೆ ಎಂದು ಹೇಳಿದರೆ ಸದಸ್ಯರು ತಲೆದೂಗಬಹುದಿತ್ತು. ಈ ವಿಚಾರಣೆಯನ್ನು ರಾಜ್ಯ ತೆಗೆದುಹಾಕಿದ್ದು 2002ರ ತಿದ್ದುಪಡಿಯಲ್ಲಿ. ಅಳತೆ ಸರಿಯಿದ್ದರೆ ಗುಮಾಸ್ತ ಸಹಿ ಹಾಕಬೇಕು, ಯಾರ ಅಭಿಪ್ರಾಯವನ್ನೂ ಕೇಳುವಂತಿಲ್ಲ. ಊರುಗಳು ಅದಕ್ಕೆ ತಕ್ಕಂತೆ ಅಳತೆಯನ್ನೇ ಬಿಗಿ ಮಾಡಿಕೊಂಡವು.

ಅಳತೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಲೆಕ್ಕ. ನಿವೇಶನದ ಅಗಲ 60 ಅಡಿ, ಮನೆಯ ಹಿಂಗೋಡೆಯಿಂದ ಹಿಂದಿನ ಬೇಲಿಗೆ 26 ಅಡಿ ಎಂದಿಟ್ಟುಕೊಳ್ಳಿ. ಹಿತ್ತಲು ಒಟ್ಟು 1,560 ಚದರ ಅಡಿ. ಊರಿನ ನಿಯಮ ಹಿಂದೆ 20 ಅಡಿ ಬಿಡಿ ಎನ್ನುತ್ತದೆ. ಉಳಿಯುವುದು 6 ಅಡಿ. ಎರಡು ಕಟ್ಟಡಗಳ ನಡುವೆ 6 ಅಡಿ ಅಂತರವಿರಲಿ ಎನ್ನುತ್ತದೆ. ಉಳಿಯುವುದು ಸೊನ್ನೆ. ನಿಮ್ಮ ಅರ್ಜಿಯನ್ನು ಯಾರೂ ತಿರಸ್ಕರಿಸಲಿಲ್ಲ, ಯಾರೂ ಬೇಡವೆನ್ನಲಿಲ್ಲ, ಎರಡನೆಯ ಮನೆಗೆ ನಮ್ಮ ಊರಿನಲ್ಲಿ ಅವಕಾಶವಿದೆ ಎಂದು ಪುಸ್ತಕದಲ್ಲಿ ಬರೆದೂ ಇದೆ. ಅದನ್ನು ನಿಲ್ಲಿಸಲು ಮಾತ್ರ ಜಾಗವಿಲ್ಲ. ಈಗ ಹಿಂದೆ 4 ಅಡಿ, ಎರಡೂ ಪಕ್ಕ 4 ಅಡಿ ಬಿಟ್ಟರೆ ಸಾಕು ಎನ್ನಿ. ನಡುವಿನ 6 ಅಡಿ ಹಾಗೇ ಇರಲಿ. 16 ಅಡಿ ಆಳ, 52 ಅಡಿ ಅಗಲ, 832 ಚದರ ಅಡಿ ಸಿಗುತ್ತದೆ. ಎರಡು ಮಲಗುವ ಕೋಣೆಯ ಮನೆ. ಅದೇ ನೆಲ, ಅದೇ ಬೇಲಿ.

ಹಾಗಾದರೆ 20 ಅಡಿ ಯಾಕಿತ್ತು? ಬೆಂಕಿ, ಗಾಳಿ, ಬೆಳಕು ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೆಂಕಿಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಿನ ಬೆಟ್ಟದ ಬಡಾವಣೆಗಳು ಹೊತ್ತಿ ಉರಿದದ್ದನ್ನು ಎಲ್ಲರೂ ನೋಡಿದ್ದೇವೆ. ಆದರೆ ಬೆಂಕಿಗೆ ಕಟ್ಟಡ ನಿಯಮದಲ್ಲಿ ಬೇರೆಯೇ ಲೆಕ್ಕವಿದೆ: ಬೆಂಕಿ ಆರಿಸಲು ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳಿಲ್ಲದ ಮನೆಯ ಗೋಡೆ ನಿವೇಶನದ ಗಡಿಯಿಂದ 5 ಅಡಿಗಿಂತ ಹತ್ತಿರವಿದ್ದರೆ ಆ ಗೋಡೆ ಒಂದು ಗಂಟೆ ಬೆಂಕಿ ತಡೆಯುವಂತಿರಬೇಕು, ಅದರಲ್ಲಿ ಕಿಟಕಿಗಳೂ ಮಿತಿಯಲ್ಲಿರಬೇಕು. ಅಂದರೆ 4 ಅಡಿಗೆ ಕಟ್ಟುವವನು ಗೋಡೆಗೆ ಹೆಚ್ಚು ಖರ್ಚು ಮಾಡುತ್ತಾನೆ, ಕಿಟಕಿ ಕಡಿಮೆ ಇಡುತ್ತಾನೆ. ಅಪಾಯಕ್ಕೆ ಉತ್ತರ ಸಿಕ್ಕಿತು. ಬೆಟ್ಟದ ಇಕ್ಕಟ್ಟು ರಸ್ತೆಯಲ್ಲಿ ಎಲ್ಲರೂ ಒಟ್ಟಿಗೆ ಕಾರು ಹೊರಡಿಸಬೇಕಾದ ಕಡೆ ಮನೆಗಳ ಸಂಖ್ಯೆಯೇ ಅಪಾಯವಾಗುತ್ತದೆ ಎಂಬುದು ನಿಜ. ಸಮತಟ್ಟಾದ ಫ್ರೀಮಾಂಟ್‌ನ ಬೀದಿಗೆ ಆ ವಾದ ಹೊಂದುವುದಿಲ್ಲ. ಅಲ್ಲಿ 20 ಅಡಿ ಕಾಯುತ್ತಿದ್ದದ್ದು ಒಂದು ನೋಟವನ್ನು, ಒಂದು ಬೆಲೆಯನ್ನು.

ನಿಯಮ ಬಿಗಿಯಾದರೆ ಜನ ಕಟ್ಟದೆ ಇರುತ್ತಾರೆಯೇ? 1987ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ಲಾಸ್ ಏಂಜಲೀಸ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಸುಮಾರು 42,000 ಗ್ಯಾರೇಜುಗಳಲ್ಲಿ ಸುಮಾರು 2 ಲಕ್ಷ ಜನ ಸದ್ದಿಲ್ಲದೆ ವಾಸವಾಗಿದ್ದರು. ಹಾಟ್‌ಪ್ಲೇಟಿನ ಮೇಲೆ ಅಡುಗೆ, ಉದ್ದದ ತಂತಿಯಲ್ಲಿ ಎಳೆದ ಕರೆಂಟು, ಕಿಟಕಿಯಿಲ್ಲದ ಕೋಣೆ. ಇಂಥ ಕಡೆ ಬೆಂಕಿ ಬಿದ್ದರೆ ಸಾಯುವವರು ಮಕ್ಕಳು. ಸುರಕ್ಷೆಯ ಹೆಸರಿನ ಅಳತೆ ಜನರನ್ನು ಸುರಕ್ಷೆಯ ಯಾವ ಅಳತೆಯೂ ಇಲ್ಲದ ಕಡೆಗೆ ತಳ್ಳಿತ್ತು.

2016ರಲ್ಲಿ ಶಾಸನಸಭೆ ತಂತ್ರ ಬದಲಿಸಿತು. ಊರುಗಳಿಗೆ ಬುದ್ಧಿ ಹೇಳುವುದನ್ನು ಬಿಟ್ಟು, ಅವುಗಳ ಕೈಯಿಂದ ಟೇಪನ್ನು ಒಂದೊಂದೇ ಅಡಿಯಾಗಿ ಕಿತ್ತುಕೊಳ್ಳತೊಡಗಿತು. ಆ ವರ್ಷ ಅಂಗೀಕಾರವಾಗಿ 2017ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನುಗಳು ಮುಖ್ಯವಾಗಿ ಕಾರಿನ ಜಾಗದ ನಿಯಮವನ್ನು ಸಡಿಲಿಸಿದವು. ಬಸ್ಸು, ರೈಲು ನಿಲ್ದಾಣದಿಂದ ಅರ್ಧ ಮೈಲಿಯೊಳಗಿನ ಹಿತ್ತಲಮನೆಗೆ ಕಾರಿನ ಜಾಗ ಕೇಳುವಂತಿಲ್ಲ ಎಂದವು. ಇಷ್ಟಕ್ಕೇ ಲಾಸ್ ಏಂಜಲೀಸ್ ನಗರದಲ್ಲಿ 2016ರಲ್ಲಿ 80ರಷ್ಟಿದ್ದ ಅರ್ಜಿಗಳು ಮರುವರ್ಷ ಎರಡು ಸಾವಿರದ ಹತ್ತಿರ ಬಂದವು. ಒಂದು ವರ್ಷದಲ್ಲಿ ಜನರ ಆಸೆ ಇಪ್ಪತ್ತೈದು ಪಟ್ಟು ಬೆಳೆಯುವುದಿಲ್ಲ. ಆಸೆ ಅಲ್ಲೇ ಇತ್ತು, ಗ್ಯಾರೇಜಿನ ಬಾಗಿಲ ಹಿಂದೆ.

ದೊಡ್ಡ ಹೊಡೆತ 2019ರದು. ಅಸೆಂಬ್ಲಿಯ ಫಿಲ್ ಟಿಂಗ್, ರಿಚರ್ಡ್ ಬ್ಲೂಮ್, ಸೆನೆಟ್‌ನ ಬಾಬ್ ವೀಕಾವ್ಸ್ಕಿ ಮಂಡಿಸಿದ ಮಸೂದೆಗಳು ಒಟ್ಟಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದವು. ವೀಕಾವ್ಸ್ಕಿಯವರ ಕ್ಷೇತ್ರದಲ್ಲೇ ಫ್ರೀಮಾಂಟ್ ಇತ್ತೆಂಬುದು ನಮ್ಮ ಕಥೆಗೊಂದು ಕಾಕತಾಳೀಯ. ಪಕ್ಕಕ್ಕೂ ಹಿಂದಕ್ಕೂ 4 ಅಡಿಗಿಂತ ಹೆಚ್ಚು ಕೇಳುವಂತಿಲ್ಲ. ಕನಿಷ್ಠ ನಿವೇಶನದ ಮಾತೇ ಇಲ್ಲ. ನಿವೇಶನದಲ್ಲಿ ಇಷ್ಟು ಶೇಕಡಾ ಮಾತ್ರ ಕಟ್ಟಬೇಕೆಂಬ ನಿಯಮವನ್ನು ಮುಂದೊಡ್ಡಿ 800 ಚದರ ಅಡಿಯ, 16 ಅಡಿ ಎತ್ತರದ ಮನೆಯನ್ನು ತಡೆಯುವಂತಿಲ್ಲ. ಗ್ಯಾರೇಜು ಬದಲಿಸಿದರೆ ಇನ್ನೊಂದು ಗ್ಯಾರೇಜು ಕೇಳುವಂತಿಲ್ಲ. 750 ಚದರ ಅಡಿಗಿಂತ ಚಿಕ್ಕದಾದರೆ ರಸ್ತೆ, ಉದ್ಯಾನಗಳ ಹೆಸರಿನ ಅಭಿವೃದ್ಧಿ ಶುಲ್ಕವಿಲ್ಲ. ಪೂರ್ಣ ಅರ್ಜಿ ಕೈಸೇರಿದ 60 ದಿನಗಳೊಳಗೆ ಊರು ತೀರ್ಮಾನಿಸಬೇಕು, ಇಲ್ಲವಾದರೆ ಒಪ್ಪಿಗೆ ಸಿಕ್ಕಿದಂತೆಯೇ ಲೆಕ್ಕ. ಬಡಾವಣೆಯ ನಿವಾಸಿಗಳ ಸಂಘಗಳೂ ತಮ್ಮ ಒಳನಿಯಮ ತೋರಿಸಿ ಹಿತ್ತಲಮನೆಯನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದಾಯಿತು. ಮಾಲೀಕನ ವಾಸದ ಷರತ್ತನ್ನು ಮೊದಲು 2025ರವರೆಗೆ ಅಮಾನತಿನಲ್ಲಿಟ್ಟು, 2023ರ ಇನ್ನೊಂದು ಕಾನೂನಿನಿಂದ ಶಾಶ್ವತವಾಗಿ ತೆಗೆದರು. 2016ರಲ್ಲಿ ಇಡೀ ರಾಜ್ಯದಲ್ಲಿ ಸಾವಿರದ ಆಸುಪಾಸಿನಲ್ಲಿದ್ದ ಪರವಾನಗಿಗಳು 2022ರ ಹೊತ್ತಿಗೆ ವರ್ಷಕ್ಕೆ ಇಪ್ಪತ್ತು ಸಾವಿರ ದಾಟಿದ್ದವು.

ಈ ಕಾನೂನುಗಳನ್ನು ಸಾಲಾಗಿ ಓದಿದರೆ ಊರುಗಳ ಹಳೆಯ ಕುಯುಕ್ತಿಗಳ ಪಟ್ಟಿ ಓದಿದಂತಾಗುತ್ತದೆ. ಒಂದೊಂದು ‘ಕೇಳುವಂತಿಲ್ಲ’ದ ಹಿಂದೆ ಅದನ್ನು ಕೇಳಿದ ಒಂದು ಊರಿದೆ.

ಊರುಗಳು ಸುಮ್ಮನೆ ಕೂರಲಿಲ್ಲ. ಸಿಲಿಕಾನ್ ಕಣಿವೆಯ ಶ್ರೀಮಂತರ ವುಡ್‌ಸೈಡ್ ಪಟ್ಟಣದ ಕಥೆ ಇದರಲ್ಲಿ ಸೊಗಸಾದದ್ದು. ಒಂಟಿ ಮನೆಯ ನಿವೇಶನವನ್ನು ಎರಡಾಗಿಸಲು, ಜೋಡಿಮನೆ ಕಟ್ಟಲು ಅವಕಾಶ ಕೊಡುವ ಇನ್ನೊಂದು ರಾಜ್ಯ ಕಾನೂನು 2022ರ ಜನವರಿಯಲ್ಲಿ ಜಾರಿಗೆ ಬಂದ ಕೆಲವೇ ವಾರಗಳಲ್ಲಿ, ತಮ್ಮ ಇಡೀ ಊರೇ ಬೆಟ್ಟದ ಸಿಂಹಗಳ (ಪ್ಯೂಮಾ ಎಂಬ ಕಾಡುಪ್ರಾಣಿಯ ಅಲ್ಲಿನ ಹೆಸರು) ಆವಾಸಸ್ಥಾನ, ಆದ್ದರಿಂದ ಕಾನೂನು ತಮಗೆ ಅನ್ವಯಿಸದು ಎಂದು ಪಟ್ಟಣದವರು ಘೋಷಿಸಿದರು. ಬಂಗಲೆಗಳು, ಕುದುರೆ ಲಾಯಗಳು ಇದ್ದಾಗ ಇಲ್ಲದ ಸಿಂಹದ ಚಿಂತೆ ಜೋಡಿಮನೆಯೊಂದಿಗೆ ಬಂತು. ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ ಪತ್ರ ಬರೆದ ಮೇಲೆ ಪಟ್ಟಣ ಹಿಂದೆ ಸರಿಯಿತು. ಮರುವರ್ಷ ಹಂಟಿಂಗ್‌ಟನ್ ಬೀಚ್ ನಗರ ಹಿತ್ತಲಮನೆಗಳ ಅರ್ಜಿಗಳನ್ನೇ ತೆಗೆದುಕೊಳ್ಳುವುದಿಲ್ಲ ಎಂದಿತು. ರಾಜ್ಯ ಕೋರ್ಟಿಗೆ ಹೋಯಿತು, ನಗರ ಆ ನಿಷೇಧವನ್ನು ಕೈಬಿಟ್ಟಿತು.

ಆದರೆ ವಿರೋಧಿಸುವವರೆಲ್ಲ ಸಿಂಹ ಸಾಕುವವರಲ್ಲ. ಸ್ಯಾನ್ ಡಿಯೇಗೊ ನಗರ ರಾಜ್ಯದ ಕಾನೂನಿಗಿಂತ ಮುಂದೆ ಹೋಗಿ, ನಿಗದಿತ ಕಡಿಮೆ ಬಾಡಿಗೆಗೆ ಒಂದು ಹಿತ್ತಲಮನೆ ಕೊಟ್ಟರೆ ಮಾರುಕಟ್ಟೆ ಬಾಡಿಗೆಯ ಇನ್ನೊಂದನ್ನು ಹೆಚ್ಚುವರಿಯಾಗಿ ಕಟ್ಟಿಕೊಳ್ಳಿ ಎಂಬ ಯೋಜನೆ ತಂದಿತು. ಸಾರಿಗೆ ನಿಲ್ದಾಣಗಳ ಹತ್ತಿರ ಸಂಖ್ಯೆಗೆ ಮಿತಿಯನ್ನೇ ಇಡಲಿಲ್ಲ. ಬಿಲ್ಡರುಗಳು ಇದನ್ನು ಓದಿದ ಬಗೆಯೇ ಬೇರೆ. ಒಂಟಿ ಮನೆಯ ನಿವೇಶನಗಳಲ್ಲಿ ಡಜನ್‌ಗಟ್ಟಲೆ ‘ಹಿತ್ತಲಮನೆ’ಗಳ ನಕ್ಷೆಗಳು ಬಂದವು. ಮುಂದಿನ ಮನೆಗೆ ಪೂರಕ ಎನ್ನಿಸಿಕೊಳ್ಳುವ ಮನೆಗಳೇ ನಾಲ್ಕು ಡಜನ್ ಇದ್ದರೆ ಪೂರಕ ಯಾವುದು, ಮುಖ್ಯ ಯಾವುದು? ಒಳಚರಂಡಿಯ ಕೊಳವೆಗೆ, ಬೀದಿಯ ಅಗಲಕ್ಕೆ ಆ ಪದದ ವ್ಯತ್ಯಾಸ ತಿಳಿಯುವುದಿಲ್ಲ. 2025ರಲ್ಲಿ ನಗರಸಭೆ ಯೋಜನೆಗೆ ಮಿತಿ ಹಾಕಿತು, ಹಾಕಿದ್ದು ಸರಿಯೇ. ಅಳತೆಯಿಂದ ಮನೆಯನ್ನು ಕೊಲ್ಲಬಹುದು ಎಂದು ಇಷ್ಟು ಹೊತ್ತು ವಾದಿಸಿದ ನಾನು ಅಳತೆಯೇ ಬೇಡ ಎನ್ನುತ್ತಿಲ್ಲ. ಅಳತೆ ಯಾವುದನ್ನು ಕಾಯುತ್ತಿದೆ ಎಂದು ಹೇಳಲು ಬರಬೇಕು: ಗೋಡೆಗೆ ಬೆಂಕಿ, ಕೊಳವೆಗೆ ಹೊರೆ, ನೆರೆಮನೆಯ ಬಚ್ಚಲ ಕಿಟಕಿಗೆ ಎದುರಾಗುವ ಕಿಟಕಿ, ಹೀಗೆ ಏನಾದರೊಂದು. ಹೇಳಲು ಬಾರದ ಅಳತೆ ಅನುಮಾನಕ್ಕೆ ಅರ್ಹ.

ನೆಲ ಸಿಕ್ಕ ಮೇಲೆ ಉಳಿಯುವುದು ಹಣ. ಇಲ್ಲಿ ಕಾನೂನಿನ ಕೈ ಅಷ್ಟಾಗಿ ಮುಟ್ಟುವುದಿಲ್ಲ. ಫ್ರೀಮಾಂಟ್ ಇರುವ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಿನ ‘ಬೇ ಏರಿಯಾ’ದಲ್ಲಿ ಬೇರೆಯಾಗಿ ನಿಲ್ಲುವ ಹಿತ್ತಲಮನೆಗೆ ಎರಡು ಲಕ್ಷ ಡಾಲರ್ ದಾಟುವುದು ಸಾಮಾನ್ಯ ಸಂಗತಿ. ಅಡಿಪಾಯ, ಮುಂಬೀದಿಯ ಒಳಚರಂಡಿವರೆಗೆ ಅಗೆದು ಎಳೆಯಬೇಕಾದ ಕೊಳವೆ, ವಿದ್ಯುತ್ ಸಂಪರ್ಕದ ಸಾಮರ್ಥ್ಯ ಹೆಚ್ಚಿಸುವುದು, ಇವೆಲ್ಲ ಮನೆ ಚಿಕ್ಕದೆಂದು ಚಿಕ್ಕದಾಗುವ ಖರ್ಚುಗಳಲ್ಲ. ಹೊಸದಾಗಿ ಬೇರೆಯಾಗಿ ಕಟ್ಟಿದರೆ ರಾಜ್ಯದ ಇಂಧನ ನಿಯಮದಂತೆ ಮಾಡಿನ ಮೇಲೆ ಸೌರಫಲಕವೂ ಬೇಕು. ರಾಜ್ಯ ಕಡಿಮೆ ಆದಾಯದ ಮನೆಮಾಲೀಕರಿಗೆ 40,000 ಡಾಲರ್‌ವರೆಗೆ ಸಹಾಯಧನ ಕೊಟ್ಟಿತ್ತು, ಆ ಹಣ ಬೇಗನೆ ಖಾಲಿಯಾಯಿತು. ಒಂದು ಸಮಾಧಾನವೆಂದರೆ ಆಸ್ತಿ ತೆರಿಗೆ. 1978ರ ಪ್ರಸಿದ್ಧ ‘ಪ್ರೊಪೊಸಿಷನ್ 13’ ಎಂಬ ತೆರಿಗೆ ಮಿತಿಯ ಕಾನೂನಿನ ಕಾರಣ ಹಳೆಯ ಮನೆಯ ತೆರಿಗೆ ಮೌಲ್ಯ ಹಾಗೆಯೇ ಇರುತ್ತದೆ, ಹೊಸದಾಗಿ ಕಟ್ಟಿದ ಭಾಗದ ಮೌಲ್ಯ ಮಾತ್ರ ಅದಕ್ಕೆ ಸೇರುತ್ತದೆ. ಹಿತ್ತಲು ಮುಟ್ಟಿದರೆ ಇಡೀ ಆಸ್ತಿಗೆ ಹೊಸ ತೆರಿಗೆ ಬೀಳುತ್ತದೆ ಎಂದು ನಮ್ಮ ಜನ ಗಣೇಶನ ಹಬ್ಬದ ಊಟದ ಸಾಲಿನಲ್ಲಿ ಒಬ್ಬರಿಗೊಬ್ಬರು ಹೆದರಿಸಿಕೊಳ್ಳುವುದುಂಟು. ಅದು ಸುಳ್ಳು.

ಇದರ ಒಟ್ಟು ಅರ್ಥ: ಸುಧಾರಣೆಯ ಮೊದಲ ಫಲ ಈಗಾಗಲೇ ಮನೆಯುಳ್ಳವರಿಗೆ, ಆ ಮನೆಯ ಮೇಲೆ ಸಾಲ ಎತ್ತಬಲ್ಲವರಿಗೆ. ಬಾಡಿಗೆದಾರನಿಗೆ ಸಿಗುವುದು ಊರಿನಲ್ಲಿ ಮನೆಗಳ ಸಂಖ್ಯೆ ಹೆಚ್ಚಿದ್ದರ ಪರೋಕ್ಷ ಲಾಭ. ಹಿತ್ತಲಮನೆಯನ್ನು ದೊಡ್ಡ ಮನೆಯಿಂದ ಬೇರ್ಪಡಿಸಿ ಮಾರಲು ಊರುಗಳು ಬಯಸಿದರೆ ಅವಕಾಶ ಕೊಡಬಹುದು ಎಂಬ ಕಾನೂನು 2023ರಲ್ಲಿ ಬಂತು. ಅದನ್ನು ಮೊದಲು ಅಳವಡಿಸಿಕೊಂಡದ್ದು ಸ್ಯಾನ್ ಹೋಸೆ, 2024ರಲ್ಲಿ. ಒಂದು ಕೋಟಿ ರೂಪಾಯಿ ಸಂಬಳವಿದ್ದೂ ಮನೆ ಕೊಳ್ಳಲಾಗದ ಊರಿನಲ್ಲಿ 700 ಚದರ ಅಡಿಯ ಹಿತ್ತಲಮನೆ ಯಾರದೋ ಮೊದಲ ಸ್ವಂತ ಮನೆಯಾಗುವ ಸಾಧ್ಯತೆ ಇದರಿಂದ ಹುಟ್ಟಿದೆ. ಈ ಒಂದು ಕಾನೂನಿನ ಮೇಲೆ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಆಸೆಯಿದೆ.

ಬೆಂಗಳೂರಿನಲ್ಲಿ ಕುಳಿತು ಇದನ್ನೆಲ್ಲ ಓದುವಾಗ ತಲೆಕೆಳಗಾದ ಚಿತ್ರವೊಂದನ್ನು ನೋಡಿದಂತಾಗುತ್ತದೆ. ಅಲ್ಲಿ ಗಡಿಯಿಂದ ಬಿಡಬೇಕಾದ ಜಾಗ, ಅಂದರೆ ಸೆಟ್‌ಬ್ಯಾಕ್, ಪುಸ್ತಕದಲ್ಲೂ ಇತ್ತು, ನೆಲದಲ್ಲೂ ಇತ್ತು, ಆದ್ದರಿಂದ ಅದನ್ನು ಪುಸ್ತಕದಲ್ಲಿ ತಿದ್ದಬೇಕಾಯಿತು. ಇಲ್ಲಿ ಪುಸ್ತಕದಲ್ಲಿದೆ, ನೆಲದಲ್ಲಿಲ್ಲ. ಮಂಜೂರಾದ ನಕ್ಷೆಯಲ್ಲಿ ಎರಡೂ ಪಕ್ಕ ಬಿಟ್ಟ ಜಾಗ ಮೊದಲ ಅಂತಸ್ತಿಗೆ ಬರುವಷ್ಟರಲ್ಲಿ ಬಾಲ್ಕನಿಯಾಗಿ, ಎರಡನೆಯದರಲ್ಲಿ ಕೋಣೆಯಾಗಿ, ಮೂರನೆಯದರಲ್ಲಿ ಪಕ್ಕದ ಮನೆಯವರೊಂದಿಗೆ ಕೈಕುಲುಕುವಷ್ಟು ಮುಂದೆ ಚಾಚಿರುತ್ತದೆ. ಇದನ್ನು ಸರಿಪಡಿಸಲು ತಂದ ಅಕ್ರಮ-ಸಕ್ರಮ ಯೋಜನೆ ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವುದಾಗಿತ್ತು. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. ಇತ್ತೀಚಿನ ಪೆಟ್ಟು 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದ್ದು: ಸ್ವಾಧೀನಾನುಭವ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡುವಂತಿಲ್ಲ. ಕಟ್ಟಿ ಮುಗಿಸಿ ಕತ್ತಲಲ್ಲಿ ಕುಳಿತವರ ಕೂಗು ಜೋರಾದ ಮೇಲೆ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನ ವಾಸದ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಮತ್ತೆ ಅದೇ 1,200.

ಎರಡು ಊರುಗಳ ಪಾಡು ಬೇರೆಯಾದರೂ ಮೂಲ ಒಂದೇ ಎಂದು ನನಗನ್ನಿಸುತ್ತದೆ: ಜನ ಬದುಕುವ ರೀತಿಗೂ ಪುಸ್ತಕದ ಅಳತೆಗೂ ತಾಳೆಯಿಲ್ಲದಿರುವುದು. ಮೂವತ್ತು-ನಲವತ್ತರಲ್ಲಿ ಕೆಳಗೆ ತಾವು, ಮೇಲೆ ಮಗ, ಅದರ ಮೇಲೆ ಬಾಡಿಗೆ ಎಂಬ ಲೆಕ್ಕದಲ್ಲೇ ಬೆಂಗಳೂರಿನ ಮಧ್ಯಮವರ್ಗ ಮನೆ ಕಟ್ಟಿದೆ. ಆ ಲೆಕ್ಕಕ್ಕೆ ಜಾಗ ಕೊಟ್ಟು, ಗಾಳಿಗೆ, ಅಗ್ನಿಶಾಮಕ ವಾಹನಕ್ಕೆ ನಿಜಕ್ಕೂ ಬೇಕಾದ ಅಳತೆಯನ್ನು ಮಾತ್ರ ಉಳಿಸಿ, ಅದನ್ನು ಕಟ್ಟುನಿಟ್ಟಾಗಿ ಕಾಯ್ದಿದ್ದರೆ ಅಕ್ರಮವೂ ಕಡಿಮೆಯಿರುತ್ತಿತ್ತು, ಸಕ್ರಮದ ಆಸೆಯೂ ಇರುತ್ತಿರಲಿಲ್ಲ. 2024ರಲ್ಲಿ ಬಿಬಿಎಂಪಿ ತಂದ ‘ನಂಬಿಕೆ ನಕ್ಷೆ’ ಯೋಜನೆ, ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಪ್ರಮಾಣೀಕರಣದ ಮೇಲೆ ಚಿಕ್ಕ ನಿವೇಶನಗಳ ನಕ್ಷೆಗೆ ಬೇಗ ಅನುಮತಿ ಕೊಡುವುದು, ಕ್ಯಾಲಿಫೋರ್ನಿಯಾದ 60 ದಿನದ ನಿಯಮದ ದೂರದ ದಾಯಾದಿ. ಆದರೆ ಅಲ್ಲಿ ಸಹಿ ಬೇಗ ಸಿಕ್ಕರೂ ಅಡಿಪಾಯ ಹಾಕುವಾಗ ಒಮ್ಮೆ, ಗೋಡೆ ಮುಚ್ಚುವ ಮೊದಲು ಒಮ್ಮೆ, ಕೊನೆಗೊಮ್ಮೆ ಪರಿಶೀಲಕ ಟೇಪು ಹಿಡಿದು ಬರುತ್ತಾನೆ. ನಮ್ಮಲ್ಲಿ ಬೇಗ ಆಗಬೇಕಾದದ್ದು ಸಹಿಯೋ, ಸರಿಯಾಗಿ ಆಗಬೇಕಾದದ್ದು ಟೇಪೋ ಎಂಬುದನ್ನು ಇನ್ನೂ ತೀರ್ಮಾನಿಸಿಲ್ಲ.

ಫ್ರೀಮಾಂಟ್‌ನ ಹಿರಿಯರು ತಾವೇ ಹಿತ್ತಲು ಅಳೆದರು. ಇಲಾಖೆಯ ಹಳೆಯ ಅಭ್ಯಾಸ, ಮಗ ಅಳೆದದ್ದನ್ನು ನಂಬಲಿಲ್ಲ. ನಾಲ್ಕು ಅಡಿ ಬಿಟ್ಟು ಹಗ್ಗ ಎಳೆದು, ದಿಕ್ಸೂಚಿ ನೋಡಿ, ಮುಖ ಸಪ್ಪೆ ಮಾಡಿಕೊಂಡರು. ಮನೆ ನಿಲ್ಲುವ ಜಾಗ ನೇರ ಈಶಾನ್ಯಕ್ಕೆ ಬರುತ್ತಿತ್ತು. ಆ ಮೂಲೆಗೆ ಭಾರ ಹೇರುವುದೇ?

“ಅಪ್ಪ, ನಾಲ್ಕು ಅಡಿ ಬಿಡು ಎಂದು ಸರ್ಕಾರ ಹೇಳುತ್ತದೆ. ಈಶಾನ್ಯ ಬಿಡು ಎಂದು ನೀವು ಹೇಳುತ್ತೀರಿ. ಇನ್ನು ನನಗೆ ಉಳಿಯುವುದು ನಿಂಬೆ ಗಿಡದ ಬುಡ” ಎಂದ ಮಗ.

“ನಿಂಬೆ ಗಿಡ ಇರಲಪ್ಪ, ಕಡಿಯಬೇಡ. ಗ್ಯಾರೇಜು ಯಾವ ದಿಕ್ಕಿಗಿದೆ ನೋಡೋಣ ಬಾ” ಎಂದು ಅವರು ಟೇಪು ಸುತ್ತಿಕೊಂಡು ಹೊರಟರು.

ಗ್ಯಾರೇಜು ಆಗ್ನೇಯಕ್ಕಿತ್ತು, ಅಡುಗೆಮನೆಗೆ ಹೇಳಿ ಮಾಡಿಸಿದ ದಿಕ್ಕು. ಅರ್ಜಿ ಸಿದ್ಧವಾದಾಗ ಅವರ ಆರು ತಿಂಗಳು ಮುಗಿಯಲು ಐವತ್ತು ದಿನ ಉಳಿದಿತ್ತು. ಊರಿಗೆ ಕಾನೂನು ಕೊಟ್ಟಿರುವ ಗಡುವು ಅರವತ್ತು ದಿನ.